ಅರವತ್ತಮೂರು ದಿನ, ಒಂದು ಹುಟ್ಟು, ಒಂದು ಗಾಳ

1987ರ ಆಗಸ್ಟ್ 27. ಹವಾಯಿ ದ್ವೀಪಸಮೂಹದ ಮಾವಿ ದ್ವೀಪ. ಕಹುಲುಯಿಯ ಮರಳ ದಂಡೆಗೆ ಪುಟ್ಟ ದೋಣಿಯೊಂದು ಬಂದು ತಾಗಿತು. ಅದರಿಂದ ಕೆಳಗಿಳಿದ ಮನುಷ್ಯನಿಗೆ ನೆಟ್ಟಗೆ ನಿಲ್ಲುವುದೇ ಕಷ್ಟವಾಗಿತ್ತು. ಹೂಹಾರ ಹಿಡಿದು ಕಾದವರು ಯಾರೂ ಇರಲಿಲ್ಲ. ಆತ ಬಂದದ್ದು ಪಕ್ಕದ ದ್ವೀಪದಿಂದಲ್ಲ, ಸುಮಾರು 2,200 ಮೈಲಿ ದೂರದ ಕ್ಯಾಲಿಫೋರ್ನಿಯಾದಿಂದ ಎಂದರೆ ಒಮ್ಮೆಗೇ ಯಾರು ತಾನೇ ನಂಬಿಯಾರು?

ಆತ ಎಡ್ ಗಿಲೆಟ್. ವಯಸ್ಸು 36. ಜೂನ್ 25ರಂದು ಮಾಂಟೆರೆ ಕೊಲ್ಲಿಯಿಂದ ಹೊರಟವನು 63 ದಿನ ಒಬ್ಬಂಟಿಯಾಗಿ ಪೆಸಿಫಿಕ್ ಸಾಗರದ ಮೇಲಿದ್ದ. ಏರಿದ್ದು ಕಯಾಕ್ ಎಂಬ ಕಿರುದೋಣಿ. ನಮ್ಮ ಕರಾವಳಿಯ ಪಾತಿ ದೋಣಿಯನ್ನು ಕಂಡವರಿಗೆ ಇದರ ಅಂದಾಜು ಸಿಕ್ಕೀತು. ಆದರೆ ಕಯಾಕಿನ ಮೇಲ್ಭಾಗ ಮುಚ್ಚಿರುತ್ತದೆ. ನಡುವಿನ ಕಿಂಡಿಯಲ್ಲಿ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾ ಸಾಗಬೇಕು.

ಗಿಲೆಟ್‌ನದು ವಿಶೇಷವಾಗಿ ಕಟ್ಟಿಸಿದ ದೋಣಿಯೇನಲ್ಲ. ಅಂಗಡಿಯಲ್ಲಿ ಸಿಗುವ, ಇಬ್ಬರು ಕೂರುವ, 20 ಅಡಿ ಉದ್ದದ ಕಯಾಕ್. ಎರಡನೆಯವನ ಜಾಗದಲ್ಲಿ ಸಾಮಾನು ತುಂಬಿದ್ದ. ಮಲಗಲು ಪ್ರತ್ಯೇಕ ಕೋಣೆಯಿಲ್ಲ. ರಾತ್ರಿಯಾದೊಡನೆ ದೋಣಿಯ ಎರಡೂ ಬದಿಗೆ ಗಾಳಿ ತುಂಬಿದ ತೇಲುಬುರುಡೆ ಕಟ್ಟಿ, ಒಳಗಿನ ತೇವದಲ್ಲೇ ಮುದುಡಿಕೊಳ್ಳುವುದು. ಜಿಪಿಎಸ್ ಜನಸಾಮಾನ್ಯರ ಕೈಗೆ ಬಂದಿರದ ಕಾಲ ಅದು. ದಾರಿ ತಿಳಿಯಲು ಹಳೆಯ ನಾವಿಕರ ಸೆಕ್ಸ್‌ಟಂಟ್ ಉಪಕರಣವೇ ಗತಿ. ಸೂರ್ಯನ ಎತ್ತರ ಅಳೆದು, ಕುಲುಕುವ ದೋಣಿಯಲ್ಲೇ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿ ಹವಾಯಿ ಪಕ್ಕಕ್ಕೆ ಸರಿದುಹೋದರೆ ಮುಂದಿನ ನೆಲ ಸಾವಿರಾರು ಮೈಲಿ ಆಚೆ!

ಕೈಕೊಟ್ಟ ಗಾಳಿ

ಕ್ಯಾಲಿಫೋರ್ನಿಯಾದ ದಂಡೆಯಿಂದ ದೂರ ಹೋದಂತೆ ಈಶಾನ್ಯದ ವಾಣಿಜ್ಯ ಮಾರುತ ಸಿಗುತ್ತದೆ, ಗಾಳಿಪಟದಂಥ ಹಾಯಿ ಹಾರಿಬಿಟ್ಟರೆ ಅದೇ ದೋಣಿಯನ್ನು ಎಳೆಯುತ್ತದೆ ಎಂಬುದು ಗಿಲೆಟ್‌ನ ಎಣಿಕೆ. ಆದರೆ ಗಾಳಿ ಕೈಕೊಟ್ಟಿತು. ಹಾಯಿ ಮಾಡಬೇಕಿದ್ದ ಕೆಲಸ ತೋಳಿನ ಪಾಲಿಗೆ ಬಂತು. ಉಪ್ಪುನೀರಿನಲ್ಲಿ ಸದಾ ನೆನೆದ ಮೈ ಹುಣ್ಣಾಯಿತು. ಕುಡಿಯುವ ನೀರಿಗೆ, ಸಮುದ್ರದ ನೀರನ್ನು ಒತ್ತಿ ಸಿಹಿ ಮಾಡುವ ಕೈಪಂಪು ಇತ್ತು. ಆದರೆ ಅನ್ನಕ್ಕೆ ಪಂಪು ಎಲ್ಲಿದೆ? ತಂದಿದ್ದ ಆಹಾರ 60 ದಿನಕ್ಕಷ್ಟೇ.

ಇಲ್ಲಿ ಆತನ ಕೈ ಹಿಡಿದದ್ದು ಗಾಳ. ನಡುಗಡಲಿನಲ್ಲಿ ತೇಲುವ ಮರದ ದಿಮ್ಮಿಯೋ ಪಾಚಿಯ ರಾಶಿಯೋ ಇದ್ದರೆ ಅದರ ನೆರಳಿಗೆ ಮೀನು ಸೇರುತ್ತದೆ. ಕಯಾಕ್ ಕೂಡ ಮೀನಿನ ಪಾಲಿಗೆ ಅಂಥದೇ ದಿಮ್ಮಿ. ಅದರಲ್ಲೂ ಹವಾಯಿಯವರು ಮಾಹಿ-ಮಾಹಿ ಎನ್ನುವ ಮೀನಿಗೆ ತೇಲುವ ವಸ್ತುವೆಂದರೆ ಬಲು ಪ್ರೀತಿ. ಇದಕ್ಕೆ ಡಾಲ್ಫಿನ್ ಫಿಶ್ ಎಂಬ ಹೆಸರೂ ಇದೆ. ಆದರೆ ಮರಿಗೆ ಹಾಲೂಡಿಸುವ ಡಾಲ್ಫಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಅರಬ್ಬಿ ಸಮುದ್ರದಲ್ಲೂ ಇರುವ ಈ ಮೀನು ಮಲ್ಪೆ, ಮಂಗಳೂರು ಬಂದರುಗಳಿಗೂ ಬರುತ್ತದೆ. ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ನೀರಿನಲ್ಲಿರುವಾಗ ಹಸಿರು, ನೀಲಿ, ಚಿನ್ನದ ಬಣ್ಣಗಳಿಂದ ಹೊಳೆಯುವ ಮೈ, ಪ್ರಾಣ ಹೋಗುತ್ತಲೇ ಬೂದಿಯಾಗುತ್ತದೆ.

ಗಿಲೆಟ್ ಈ ಮೀನುಗಳನ್ನು ಹಿಡಿದು ತಿಂದ. ಆದರೆ ಗಾಳಕ್ಕೆ ಮೀನು ಬೀಳಲೇಬೇಕೆಂಬ ಕರಾರು ಎಲ್ಲಿದೆ? ಕೊನೆಯ ದಿನಗಳಲ್ಲಿ ತಿನ್ನಲು ಏನೂ ಉಳಿಯದೆ ಆತ ಟೂತ್‌ಪೇಸ್ಟನ್ನೇ ನೆಕ್ಕಿದ. ಮನೆಯವರಿಗೆ ಆತ ಬದುಕಿದ್ದಾನೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ.

ಅವನಿಗಿಂತ ಹಿಂದೆ

ಇಂಥ ಹುಚ್ಚಿಗೆ ಗಿಲೆಟ್ ಮೊದಲಿಗನಲ್ಲ. 1928ರಲ್ಲಿ ಜರ್ಮನಿಯ ಫ್ರಾಂಜ್ ರೋಮರ್ ಬಟ್ಟೆ ಹೊದಿಸಿದ ಮಡಿಚುವ ಕಯಾಕಿನಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪ ಮುಟ್ಟಿದ. ಅಲ್ಲಿಂದ ಅಮೆರಿಕದತ್ತ ಹೊರಟವನು ಮರಳಲಿಲ್ಲ. ಚಂಡಮಾರುತ ನುಂಗಿತೆಂದು ನಂಬಲಾಗಿದೆ.

1956ರಲ್ಲಿ ಅದೇ ದೇಶದ ವೈದ್ಯ ಹಾನೆಸ್ ಲಿಂಡೆಮನ್ ಕ್ಯಾನರಿ ದ್ವೀಪದಿಂದ ಹೊರಟು 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ. ಅವನ ಕಯಾಕಿನ ಉದ್ದ 17 ಅಡಿ. ಸಮುದ್ರದಲ್ಲಿ ಸಿಕ್ಕಿಬಿದ್ದವನು ಉಪ್ಪುನೀರು ಕುಡಿದು ಬದುಕಬಹುದು ಎಂಬ ವಾದವನ್ನು ಒರೆಗೆ ಹಚ್ಚುವುದೂ ಅವನ ಉದ್ದೇಶಗಳಲ್ಲಿ ಒಂದಾಗಿತ್ತು. ಕುಡಿಯಬಾರದು ಎಂಬುದೇ ಅವನ ತೀರ್ಮಾನ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಹಸಿ ಮೀನೂ ಹಾಗೆಯೇ: ಅದರ ಪ್ರೋಟೀನ್ ಜೀರ್ಣವಾದ ಮೇಲೆ ಉಳಿಯುವ ಕಲ್ಮಶ ಹೊರಹೋಗಲು ನೀರು ಬೇಕು. ಹಾಗಾಗಿ ಕುಡಿಯಲು ಸಿಹಿನೀರಿಲ್ಲದವನು ಮೀನು ಸಿಕ್ಕಿತೆಂದು ಹೊಟ್ಟೆ ತುಂಬ ತಿನ್ನುವಂತಿಲ್ಲ.

ಇನ್ನೊಬ್ಬ ಜರ್ಮನ್ ಆಸ್ಕರ್ ಸ್ಪೆಕ್ ನಮ್ಮ ಕಡಲಲ್ಲೇ ಹಾದುಹೋದವನು. 1932ರಲ್ಲಿ ಡ್ಯಾನ್ಯೂಬ್ ನದಿಯಲ್ಲಿ ಕಯಾಕ್ ಇಳಿಸಿದ ಆತ ಪರ್ಷಿಯಾ ಕೊಲ್ಲಿ ದಾಟಿ, ಭಾರತದ ಪಶ್ಚಿಮ ಕರಾವಳಿಗುಂಟ ಸಿಂಹಳಕ್ಕೆ ಬಂದು, ಮುಂದೆ ಬರ್ಮಾ, ಇಂಡೋನೇಷ್ಯಾ ಹಾದು ಏಳು ವರ್ಷಗಳ ನಂತರ ಆಸ್ಟ್ರೇಲಿಯಾದ ಗಡಿ ಮುಟ್ಟಿದ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಆತನನ್ನು ಬಂಧಿಸಿದರು. ಯುದ್ಧ ಮುಗಿಯುವವರೆಗೆ ಆತ ಸೆರೆಶಿಬಿರದಲ್ಲಿದ್ದ.

ಮೀನೇ ಎಳೆಯುವ ದೋಣಿ

ಕಯಾಕ್ ಹುಟ್ಟಿದ್ದು ಸಾಹಸಕ್ಕಲ್ಲ, ಹೊಟ್ಟೆಪಾಡಿಗೆ. ಉತ್ತರಧ್ರುವದ ಅಂಚಿನ ಇನ್ಯೂಟ್ ಜನ, ಅಲೂಷಿಯನ್ ದ್ವೀಪದವರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಮುಂತಾದ ಕಡಲ ಪ್ರಾಣಿಗಳ ಚರ್ಮ ಹೊದಿಸಿ ಇದನ್ನು ಕಟ್ಟಿಕೊಂಡರು. ಸದ್ದಿಲ್ಲದೆ ಬೇಟೆಯ ಹತ್ತಿರ ಸರಿಯುವುದೇ ಇದರ ಗುಣ.

ಇಂದು ಹವಾಯಿ ಮೊದಲಾದ ಕಡೆ ಕಯಾಕಿನಲ್ಲಿ ಕೂತು ಟ್ಯೂನಾ, ಮಾರ್ಲಿನ್‌ನಂಥ ದೈತ್ಯ ಮೀನು ಹಿಡಿಯುವ ಹವ್ಯಾಸಿಗಳಿದ್ದಾರೆ. ದೊಡ್ಡ ದೋಣಿಯಲ್ಲಾದರೆ ಮೀನು ದಾರ ಎಳೆಯುತ್ತದೆ. ಕಯಾಕಿನಲ್ಲಿ ಮೀನು ದೋಣಿಯನ್ನೇ ಎಳೆದುಕೊಂಡು ಓಡುತ್ತದೆ! ಹಿಂದೆ ತಿಮಿಂಗಿಲ ಬೇಟೆಯವರು ಇದನ್ನು ಜಾರುಬಂಡಿ ಸವಾರಿ ಎಂದು ಹಾಸ್ಯ ಮಾಡುತ್ತಿದ್ದರು. ಓಡಿ ಓಡಿ ಮೀನೇ ದಣಿಯುತ್ತದೆ. ಆದರೆ ದೋಣಿಯ ಮೂತಿ ಮೀನಿನ ದಿಕ್ಕಿಗೇ ಇರಬೇಕು. ದಾರ ಅಡ್ಡ ಎಳೆದರೆ ದೋಣಿ ಮಗುಚುತ್ತದೆ. ಅದಕ್ಕೇ ದಾರ ಕತ್ತರಿಸುವ ಚಾಕು ಕೈಗೆ ಸಿಗುವಲ್ಲಿ ಇರಲೇಬೇಕು. ಜೀವಂತ ಮಾರ್ಲಿನ್ ಪಕ್ಕಕ್ಕೆ ಬಂದಾಗ ಅದರ ಈಟಿಯಂಥ ಮೂತಿ ನೀರಿನಿಂದ ಒಂದು ಗೇಣು ಮೇಲೆ ಕೂತವನ ಎದೆಯ ಮಟ್ಟಕ್ಕೇ ಇರುತ್ತದೆ. ರಕ್ತದ ವಾಸನೆಗೆ ಶಾರ್ಕ್ ಬರುವುದೂ ಉಂಟು.

ಇನ್ನೊಬ್ಬ ಬಂದ

ಗಿಲೆಟ್ ಈ ಸಾಹಸವನ್ನು ಡಂಗುರ ಸಾರಿಕೊಂಡು ತಿರುಗಲಿಲ್ಲ. ಆತನ ಯಾತ್ರೆಯ ಪೂರ್ಣ ಕಥೆ ಪುಸ್ತಕವಾಗಿ ಬಂದದ್ದು 2018ರಲ್ಲಿ, ಬೇರೊಬ್ಬ ಲೇಖಕರಿಂದ. 2022ರಲ್ಲಿ ಫ್ರಾನ್ಸ್ ಮೂಲದ ಸಿರಿಲ್ ಡೆರೆಮೊ ಮಾಂಟೆರೆಯಿಂದಲೇ ಹೊರಟು ಒಬ್ಬಂಟಿಯಾಗಿ ಹವಾಯಿ ತಲುಪಿದ. ಹಿಂದಿನ ವರ್ಷದ ಪ್ರಯತ್ನದಲ್ಲಿ ಅವನನ್ನು ಹೆಲಿಕಾಪ್ಟರ್ ಬಂದು ಎತ್ತಿಕೊಳ್ಳಬೇಕಾಗಿತ್ತು. ಈ ಬಾರಿ ಮಲಗುವ ಕೋಣೆಯುಳ್ಳ ವಿಶೇಷ ಕಯಾಕ್, ಉಪಗ್ರಹ ಸಂಪರ್ಕ ಎಲ್ಲವೂ ಇತ್ತು. ಹಿಡಿದ ಕಾಲ 91 ದಿನ.

ಸೌಲಭ್ಯ ಹೆಚ್ಚಿದರೂ ಕಡಲು ಚಿಕ್ಕದಾಗಲಿಲ್ಲ. ಅರವತ್ತು ದಿನದ ಬುತ್ತಿ ಕಟ್ಟಿ ಹೊರಟವನಿಗೆ ಅರವತ್ತಮೂರು ದಿನ ಬೇಕಾಯಿತು. ನೆಲದ ಮೇಲೆ ಮೂರು ದಿನ ಯಾವ ಲೆಕ್ಕ? ಗಿಲೆಟ್‌ಗೆ ಮಾತ್ರ ಅದು ಜೀವ ಹೋಗುವುದಕ್ಕೂ ಉಳಿಯುವುದಕ್ಕೂ ನಡುವಿನ ದೂರವಾಗಿತ್ತು.