ಅಲ್ಯೂಮಿನಿಯಂಗೆ ಅಂಟದ ಕೊಳವೆ

ಪುಣೆ ಬಳಿಯ ಚಾಕಣ್‌ನ ಫೌಂಡ್ರಿಯೊಂದಕ್ಕೆ ಕುಲುಮೆಯ ಉಷ್ಣತೆ ತೋರಿಸುವ ಸಾಫ್ಟ್‌ವೇರ್ ಬರೆದಿದ್ದೆ. ಅಂಕಿ ಆಗಾಗ ಜಿಗಿಯುತ್ತಿತ್ತು. ಮೂರು ದಿನ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಕುಲುಮೆ ನೋಡಿಕೊಳ್ಳುವ ವಿಜಯಪುರದ ಕಾಕಾ, 'ಕೋಡ್ ಇರ್ಲಿ ಬಿಡ್ರಿ ಸರ, ಇದನ್ನ ನೋಡ್ರಿ' ಎಂದು ಥರ್ಮೋಕಪಲ್‌ನ ಕಬ್ಬಿಣದ ಕವಚ ಎತ್ತಿ ತೋರಿಸಿದರು. ಗೆದ್ದಲು ತಿಂದಂತಿತ್ತು.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಕಬ್ಬಿಣ 1538ಕ್ಕೆ. ಆದರೂ ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ಮೆಲ್ಲಗೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಎರಕವೂ ಕೆಡುತ್ತದೆ. ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ಗೆ ಅದು ಕೆಸುವಿನೆಲೆಯ ಮೇಲಿನ ನೀರಿದ್ದಂತೆ, ಅಂಟುವುದಿಲ್ಲ. ಥಟ್ಟನೆ ಕಾದರೂ ಸುಲಭಕ್ಕೆ ಬಿರಿಯದು. ಕರಗಿದ ಉಕ್ಕಿನಲ್ಲಿ ಮಾತ್ರ ಇದರ ಆಟ ನಡೆಯದು.

ದುಬಾರಿ, ನಿಜ. ಆದರೆ ಕವಚ ಬದಲಿಸಲು ಪ್ರತಿ ಸಲ ಕುಲುಮೆಯ ಬಾಯಿಗೆ ಬಗ್ಗುವವರು ಕಾಕಾ. ಹೊಸ ಕೊಳವೆಯ ಕೊಟೇಶನ್‌ಗೆ ಇನ್ನೂ ಸಹಿ ಬಿದ್ದಿಲ್ಲ.