ಕಮಲಾದೇವಿ ಸೋತ ಚುನಾವಣೆ

ಬಿದ್ರಿ ಕೆಲಸದ ಊರು ಬೀದರ್. ಇಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಬಂದರೆ ಕರಕುಶಲದ ಮಾತೇ ಬರುತ್ತದೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದವರಲ್ಲವೇ! ನನಗೆ ಮಾತ್ರ ಅವರು ಸೋತ ಒಂದು ಚುನಾವಣೆ ಹೆಚ್ಚು ಕಾಡುತ್ತದೆ.

ಅದಕ್ಕೂ ಮುಂಚಿನ ಕತೆ ಇದು. ಕಮಲಾದೇವಿ ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ. ಅದನ್ನೂ ಆ ತಾಯಿ ಬೇಡವೆಂದರು! ತವರಿನಿಂದ ತಂದದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ಮಗಳ ಹಟ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ. ಬಾಲ್ಯವಿವಾಹ, ಎಳೆವಯಸ್ಸಿನ ವೈಧವ್ಯ ಎರಡನ್ನೂ ದಾಟಿ ಕಮಲಾದೇವಿ ಓದಿದರು, ಮರುಮದುವೆಯಾದರು.

ಮದ್ರಾಸ್ ಪ್ರಾಂತ್ಯದ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿದ್ದು 1921ರಲ್ಲಿ. ಆದರೆ ಆಸ್ತಿ, ತೆರಿಗೆ ಇದ್ದವರಿಗಷ್ಟೇ ಮತ. ಅಂದರೆ ಆಸ್ತಿ ಕಸಿದ ಕಾನೂನೇ ಹೆಂಗಸರ ಮತವನ್ನೂ ಕಸಿದಿತ್ತು. 1926ರಲ್ಲಿ ಸ್ಪರ್ಧಿಸುವ ಅವಕಾಶ ಬಂತು. ಐರ್ಲೆಂಡಿನಲ್ಲಿ ಮತದ ಹಕ್ಕಿಗಾಗಿ ಜೈಲು ಕಂಡಿದ್ದ ಮಾರ್ಗರೆಟ್ ಕಸಿನ್ಸ್ ಬೆನ್ನು ಹತ್ತಿದರು. 23ರ ಕಮಲಾದೇವಿ ಮದ್ರಾಸ್ ಶಾಸನಸಭೆಗೆ ನಿಂತೇಬಿಟ್ಟರು. ಸೋತದ್ದು ಕೂದಲೆಳೆಯ ಅಂತರದಲ್ಲಿ. ಮರುವರ್ಷವೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣಗೊಂಡು ಆ ಸಭೆ ಪ್ರವೇಶಿಸಿದರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಮಹಿಳೆಯರನ್ನೂ ಕರೆಯಿರಿ ಎಂದು ಗಾಂಧೀಜಿಯೊಂದಿಗೇ ವಾದಿಸಿದವರೂ ಕಮಲಾದೇವಿಯೇ.

ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಅಜ್ಜಿಯಂದಿರು ಲೋಕಸಭೆಗೆ, ವಿಧಾನಸಭೆಗೆ ಮತ ಹಾಕಿದ್ದು ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಆಗ ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು.

ಈಗ ಭಾಲ್ಕಿ, ಔರಾದ್ ಕಡೆಯ ಮತಗಟ್ಟೆಗಳಲ್ಲಿ ಹೆಂಗಸರ ಸಾಲು ಉದ್ದವೇ ಇರುತ್ತದೆ. ಪಹಣಿಯಲ್ಲಿ ಅವರ ಹೆಸರು ಹುಡುಕಿ ನೋಡಿ! ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲೆಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಕಾನೂನು ಮಾಡಿವೆ. ಆದರೂ ಒಂದು ಸೀರೆ ಉಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಡೆದೇ ಇದೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ.

ನಮ್ಮ ಮನೆಯಲ್ಲೂ ಸೋದರತ್ತೆಯರಿಬ್ಬರು ಸಹಿ ಹಾಕಿದ್ದಾರೆ. ಮೊನ್ನೆ ಅಕ್ಕನ ಸರದಿ ಬಂತು. ಅವಳಿಗೆ ಗಿರಿಜಾಬಾಯಿಯ ಕತೆ ಹೇಳಿದ್ದೆ. ‘ಕಾಗದ ಇಲ್ಲಿ ಕೊಡ್ರಿ, ಮೊದಲ ನಾ ಓದ್ತೀನಿ’ ಅಂದಳು. ಇನ್ನೂ ಓದುತ್ತಿದ್ದಾಳೆ.