ಮೂರು ಕಾಪಿ ಇದ್ರೂ ಡೇಟಾ ಹೋಗೋದು ಹೇಗೆ?

ಇವತ್ತಿನ ಎಪಿಸೋಡ್ ಎಸ್‌ಎಸ್‌ಡಿ ಬಗ್ಗೆ. ಲ್ಯಾಪ್‌ಟಾಪ್‌ಗೆ ಹಾಕೋದಲ್ಲ, ಸರ್ವರ್‌ಗೆ ಹಾಕೋದು.

ತೀರ್ಥಹಳ್ಳಿಯಲ್ಲಿ ಒಂದು ಅಡಿಕೆ ಸಹಕಾರ ಸಂಘ ಇದೆ ಅಂದ್ಕೊಳ್ಳಿ. ಸದಸ್ಯರ ಖಾತೆ, ತೂಕದ ಚೀಟಿ, ಜಿಎಸ್‌ಟಿ ಬಿಲ್ ಎಲ್ಲಾ ಕಂಪ್ಯೂಟರ್‌ನಲ್ಲೇ. ಒಂದೊಂದು ಕೆಲಸಕ್ಕೆ ಒಂದೊಂದು ಮಷಿನ್ ತಗೊಳ್ಳೋ ಬದಲು ಮೂರು ಸರ್ವರ್ ಜೋಡಿಸಿ, ಅವುಗಳೊಳಗೆ ಹಲವು ವರ್ಚುವಲ್ ಮಷಿನ್ ಓಡಿಸಬಹುದು. ಒಂದು ಸರ್ವರ್ ಕೆಟ್ರೆ ಅದರ ಕೆಲಸ ಉಳಿದೆರಡರಲ್ಲಿ ಮತ್ತೆ ಶುರುವಾಗುತ್ತೆ. ಇದೇ ಕ್ಲಸ್ಟರ್.

ಎರಡೇ ಸಾಲಲ್ವಾ? ಸಂಘದ ಸಭೆಗೆ ಕೋರಂ ಬೇಕಲ್ಲ, ಹಾಗೇ ಇದಕ್ಕೂ ಬೇಕು. ಎರಡೇ ಇದ್ದು ನಡುವಿನ ಕೇಬಲ್ ಹೋದ್ರೆ, ಎರಡೂ 'ಇನ್ನೊಂದು ಸತ್ತಿದೆ' ಅಂದ್ಕೊಂಡು ಒಂದೇ ಖಾತೆಯನ್ನ ಬೇರೆ ಬೇರೆಯಾಗಿ ಬರೆದುಬಿಡಬಹುದು. ಮೂರಿದ್ರೆ, ಎರಡು ಒಟ್ಟಿಗಿರೋ ಕಡೆ ಮಾತ್ರ ಬರವಣಿಗೆ ನಡೆಯುತ್ತೆ.

ಈಗ ಜಾಗದ ಲೆಕ್ಕ. ಪ್ರತಿ ಸರ್ವರ್‌ಗೆ 1.92 ಟೆರಾಬೈಟ್‌ನ ಎರಡು ಎಸ್‌ಎಸ್‌ಡಿ. ಒಟ್ಟು 11.52 ಟೆರಾಬೈಟ್. ಸೆಫ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಮಾನ್ಯವಾಗಿ ಮೂರು ಕಾಪಿ ಇಡುತ್ತೆ, ಹಾಗಾಗಿ ಉಳಿಯೋದು 3.84. ಅಷ್ಟನ್ನೂ ತುಂಬಿಸೋ ಹಾಗಿಲ್ಲ. ಒಂದು ಎಸ್‌ಎಸ್‌ಡಿ ಸತ್ರೆ ಅದರ ಡೇಟಾ ಅದೇ ಸರ್ವರ್‌ನ ಇನ್ನೊಂದರಲ್ಲಿ ಹಿಡಿಯಬೇಕು. ಶೇ 85 ತುಂಬಿದಾಗಲೇ ಸೆಫ್ ಎಚ್ಚರಿಕೆ ಕೊಡುತ್ತೆ. ಅಂದ್ರೆ ನಿಶ್ಚಿಂತೆಯಿಂದ ಬಳಸಬಹುದಾದದ್ದು ಸುಮಾರು 1.6 ಟೆರಾಬೈಟ್. ಸಂಘದ ಲೆಕ್ಕಪತ್ರಕ್ಕೆ ಇದು ಧಾರಾಳ. ಆದರೆ ಕೊಟೇಶನ್‌ನಲ್ಲಿ ಕಾಣೋ 11.52 ನೋಡಿ ಪ್ಲ್ಯಾನ್ ಮಾಡಬೇಡಿ.

ಬಿ.ಕಾಂ.ನಲ್ಲಿ ನಾವು ಸವಕಳಿ ಓದ್ತೀವಲ್ಲ, ಎಸ್‌ಎಸ್‌ಡಿ ಸವಕಳಿ ಎಷ್ಟು ಬರೆದ್ವಿ ಅನ್ನೋದರ ಮೇಲೆ ಹೋಗುತ್ತೆ. ದಿನಕ್ಕೊಂದು ಸಲ ಪೂರ್ತಿ ಬರೆಯೋಕೆ 5 ವರ್ಷದ ರೇಟಿಂಗ್ ಇರೋ 1.92 ಟೆರಾಬೈಟ್ ಎಸ್‌ಎಸ್‌ಡಿ 3,504 ಟೆರಾಬೈಟ್ ಬರಹ ತಾಳುತ್ತೆ. ಮನೆ ಬಳಕೆಯ 2 ಟೆರಾಬೈಟ್‌ಗೆ ಸಾಮಾನ್ಯವಾಗಿ ಕೊಡೋ ರೇಟಿಂಗ್ 1,200ರ ಆಸುಪಾಸು.

ಇಷ್ಟೆಲ್ಲಾ ಮಾಡಿದ್ರೂ ಅಸಲಿ ಪ್ರಶ್ನೆ ಬಾಕಿ ಇದೆ: ಮೂರೂ ಕಾಪಿ ಒಂದೇ ಕಾರಣಕ್ಕೆ ಹೋದ್ರೆ?

ಮೊದಲನೇ ಕಾರಣ ಕರೆಂಟ್. ಆಗುಂಬೆ ಇರೋದು ಇದೇ ತಾಲ್ಲೂಕಿನಲ್ಲಿ, ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಮರ ಬಿದ್ದು ಲೈನ್ ಹೋಗೋದು, ಸಿಡಿಲು ಹೊಡೆಯೋದು ಇಲ್ಲಿ ಹೊಸದಲ್ಲ. ಮೂರೂ ಸರ್ವರ್ ಒಂದೇ ಯುಪಿಎಸ್ ಮೇಲಿದ್ರೆ, ಅದು ಕೈಕೊಟ್ಟ ದಿನ ಮೂರೂ ಆಫ್. ಯುಪಿಎಸ್ ಎರಡಿರಲಿ, ಅರ್ಥಿಂಗ್ ಸರಿಯಿರಲಿ. ಎಸ್‌ಎಸ್‌ಡಿಯೊಳಗೇ ಪವರ್ ಲಾಸ್ ಪ್ರೊಟೆಕ್ಷನ್ ಇರಲಿ. ಕರೆಂಟ್ ಹೋದ ಕ್ಷಣ, ಇನ್ನೂ ಬರೆದು ಮುಗಿಯದ ಡೇಟಾವನ್ನ ಉಳಿಸೋಕೆ ಬೇಕಾದಷ್ಟು ವಿದ್ಯುತ್ತನ್ನ ಅದರಲ್ಲಿರೋ ಕೆಪಾಸಿಟರ್‌ಗಳು ಕೊಡುತ್ತವೆ.

ಎರಡನೇದು ಒಂದೇ ಬ್ಯಾಚ್. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿ ಒಂದು ಎಚ್ಚರಿಕೆ ಕೊಡ್ತು: ತನ್ನ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಡೇಟಾ ವಾಪಸ್ ಸಿಗಲ್ಲ ಅಂತ. ಒಂದೇ ದಿನ ಆನ್ ಮಾಡಿದ ಡಿಸ್ಕ್‌ಗಳೆಲ್ಲಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ! ಅದಕ್ಕೇ ಒಂದೊಂದು ಸರ್ವರ್‌ಗೆ ಬೇರೆ ಬೇರೆ ಕಂಪನಿಯ ಅಥವಾ ಮಾಡೆಲ್‌ನ ಡಿಸ್ಕ್ ಹಾಕಿ, ಫರ್ಮ್‌ವೇರ್ ಅಪ್‌ಡೇಟ್ ಮರೀಬೇಡಿ.

ಮೂರನೇದು ನಮ್ಮದೇ ಕೈ. ಯಾರೋ ಒಂದು ಫೈಲ್ ಅಳಿಸಿದ್ರೆ ಕ್ಲಸ್ಟರ್ ವಿಧೇಯವಾಗಿ ಮೂರೂ ಕಡೆ ಅಳಿಸುತ್ತೆ. ರ್‍ಯಾನ್ಸಮ್‌ವೇರ್ ಬಂದ್ರೂ ಅಷ್ಟೇ.

ನಾಲ್ಕನೇದು ಒಂದೇ ಕಟ್ಟಡ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರು ಕಡತ ಇಡ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಡೇಟಾಗೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ.

ಹೆಚ್ಚುವರಿ ಕಾಪಿ ಇರೋದು ಕೆಲಸ ನಿಲ್ಲದಿರಲಿ ಅಂತ. ಡೇಟಾ ಉಳೀಬೇಕಂದ್ರೆ ಬ್ಯಾಕಪ್ ಬೇರೆಯೇ ಬೇಕು. ಪ್ರತಿ ರಾತ್ರಿ ಒಂದು ಕಾಪಿ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೆ ಹೋಗಲಿ, ಹಳೇ ತಾರೀಖಿನವೂ ಅಲ್ಲಿರಲಿ. ಇಲ್ಲಿನ ಪಾಸ್‌ವರ್ಡ್‌ನಿಂದ ಅಲ್ಲಿಯದನ್ನ ಅಳಿಸೋಕೆ ಬರಬಾರದು. ಮೂರು ತಿಂಗಳಿಗೊಮ್ಮೆ ಅದರಿಂದ ಒಂದು ವರ್ಚುವಲ್ ಮಷಿನ್ ಎಬ್ಬಿಸಿ ನೋಡಿ.

ಬಜೆಟ್ ಸಾಲಲ್ಲ ಅಂದ್ರೆ? ಎಸ್‌ಎಸ್‌ಡಿ ಸೈಜ್ ಕಡಿಮೆ ಮಾಡಿ, ಶಿವಮೊಗ್ಗದ ಕಾಪಿಗೆ ಕತ್ತರಿ ಹಾಕಬೇಡಿ.